ಗಾಡಿಯ ಕೆಳಗಿನ ಸಪ್ಪಳ: ಇಂಜಿನ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಬೈಕಿನ ಮೇಲೆ ಬರೀ ಮನುಷ್ಯರು ಓಡಾಡುವುದಿಲ್ಲ. ಬೆಳಿಗ್ಗೆ ಎರಡೂ ಕಡೆ ಹಾಲಿನ ಕ್ಯಾನು, ಮಧ್ಯಾಹ್ನ ಗೊಬ್ಬರದ ಚೀಲ, ಸಂಜೆ ಮನೆಮಂದಿ. ಮುಧೋಳ, ಜಮಖಂಡಿ ಕಡೆ ಎರೆ ಹೊಲದ ದಾರಿ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು. ಇಷ್ಟೆಲ್ಲ ದುಡಿಯುವ ಗಾಡಿ ಒಂದು ದಿನ ಕೆಳಗಿನಿಂದ ಹೊಸ ಸಪ್ಪಳ ಮಾಡಿದರೆ ಸಾಕು, ಪಕ್ಕದಲ್ಲಿದ್ದವರು 'ಗೇರ್‌ಬಾಕ್ಸ್ ಹೋಗೈತಿ' ಅಂದುಬಿಡುತ್ತಾರೆ. ಕೇಳಿದವರ ಎದೆ ಧಸಕ್ ಅನ್ನುತ್ತದೆ.

ಹೆದರುವುದಕ್ಕೆ ಕಾರಣ ಇಲ್ಲದಿಲ್ಲ. ನಾವು ಓಡಿಸುವ ಬಹುತೇಕ ಬೈಕುಗಳಲ್ಲಿ ಗೇರುಗಳು ಇಂಜಿನ್ ಪೆಟ್ಟಿಗೆಯ ಒಳಗೇ, ಅದೇ ಆಯಿಲ್‌ನಲ್ಲಿ ಕೂತಿರುತ್ತವೆ. ಅವನ್ನು ಕಣ್ಣಿಂದ ನೋಡಬೇಕೆಂದರೆ ಇಂಜಿನ್ ಇಳಿಸಿ, ಪೆಟ್ಟಿಗೆಯನ್ನು ಎರಡು ಹೋಳು ಮಾಡಬೇಕು. ಒಮ್ಮೆ ಬಿಚ್ಚಿದರೆ ಗ್ಯಾಸ್ಕೆಟ್, ಆಯಿಲ್ ಸೀಲು, ಬೇರಿಂಗು, ಮಜೂರಿ ಎಲ್ಲ ಸೇರಿ ಬಿಲ್ಲು ಜಾಸ್ತಿ ಆಗುತ್ತದೆ. ಆದರೆ ನಮ್ಮ ಭಾಗದ ದಾರಿಗಳಲ್ಲಿ 'ಗೇರ್‌ಬಾಕ್ಸ್ ಸಪ್ಪಳ' ಅಂತ ಬರುವ ಗಾಡಿಗಳಲ್ಲಿ ದೋಷ ಎಷ್ಟೋ ಸಲ ಹೊರಗೇ ಇರುತ್ತದೆ. ಚೈನು, ಸ್ಪ್ರಾಕೆಟ್ಟು (ಚೈನು ಕೂರುವ ಹಲ್ಲಿನ ಚಕ್ರ), ಹಬ್ ರಬ್ಬರು, ಇಲ್ಲವೇ ಹಿಂದಿನ ಚಕ್ರದ ಬೇರಿಂಗು. ಹಾಗಾಗಿ ಹೊರಗಿನಿಂದ ಶುರು ಮಾಡಿ ಒಳಕ್ಕೆ ಹೋಗಬೇಕು. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ.

ಇಂಜಿನ್ನಿನ ಶಕ್ತಿ ಚಕ್ರ ಮುಟ್ಟುವ ದಾರಿ ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನಿಂದ ಕ್ಲಚ್ಚಿಗೆ, ಕ್ಲಚ್ಚಿನಿಂದ ಗೇರುಗಳಿಗೆ, ಗೇರುಗಳಿಂದ ಮುಂದಿನ ಸಣ್ಣ ಸ್ಪ್ರಾಕೆಟ್ಟಿಗೆ, ಅಲ್ಲಿಂದ ಚೈನಿನ ಮೂಲಕ ಹಿಂದಿನ ದೊಡ್ಡ ಸ್ಪ್ರಾಕೆಟ್ಟಿಗೆ, ಅಲ್ಲಿಂದ ಹಬ್ ರಬ್ಬರಿನ ಮೂಲಕ ಚಕ್ರಕ್ಕೆ. ಈ ದಾರಿಯಲ್ಲಿ ಒಂದೊಂದು ಜಾಗ ಕೆಟ್ಟರೆ ಒಂದೊಂದು ಥರ ಸಪ್ಪಳ.

ಕೈ ಹಾಕುವ ಮೊದಲು

ಚೈನಿಗೆ ಕೈ ಹಾಕುವಾಗ ಇಂಜಿನ್ ಬಂದ್ ಇರಬೇಕು, ಕೀಲಿ ಜೇಬಿನಲ್ಲಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಮೊದಲ ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಬಟ್ಟೆಯಿಂದ ಚೈನು ಒರೆಸುವವರನ್ನು ಎಷ್ಟೋ ಕಡೆ ನೋಡಬಹುದು. ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಂಡು ಸ್ಪ್ರಾಕೆಟ್ಟಿನ ಮೇಲೆ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ತುಂಡಾಗುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಆಗಲೂ ಬೆರಳು ಚೈನು ಮತ್ತು ಹಲ್ಲಿನ ನಡುವೆ ಹೋಗದಂತೆ ನೋಡಿಕೊಳ್ಳಿ. ಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ಅವರನ್ನು ದೂರ ಕಳಿಸಿ.

ಡಬಲ್ ಸ್ಟ್ಯಾಂಡನ್ನು ಗಟ್ಟಿ ನೆಲದ ಮೇಲೆ ಹಾಕಿ. ಹಸಿ ಎರೆ ಮಣ್ಣಿನಲ್ಲಿ ಸ್ಟ್ಯಾಂಡು ಹೂತು ಗಾಡಿ ವಾಲುತ್ತದೆ. ಸೈಲೆನ್ಸರ್ ತಣ್ಣಗಾಗಲಿ. ಇಂಜಿನ್ ಓಡಿಸಿ ಸಪ್ಪಳ ಕೇಳಬೇಕಾದರೆ ಬಯಲಿನಲ್ಲಿ ಕೇಳಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಸೀಮೆಎಣ್ಣೆ, ಡೀಸೆಲ್ ಹಿಡಿದು ಕೂತಾಗ ಹತ್ತಿರ ಯಾರೂ ಬೀಡಿ ಹಚ್ಚಬಾರದು.

ಸಪ್ಪಳ ಯಾವಾಗ ಬರುತ್ತದೆ?

ಸಪ್ಪಳ ಎಲ್ಲಿಂದ ಬರುತ್ತದೆ ಎಂದು ಹುಡುಕುವ ಮೊದಲು ಯಾವಾಗ ಬರುತ್ತದೆ ಎಂದು ನೋಡಿ. ಚಾಸಿಯ ಕಬ್ಬಿಣ ಸಪ್ಪಳವನ್ನು ಹೊತ್ತುಕೊಂಡು ಬೇರೆ ಕಡೆ ಕೇಳಿಸುತ್ತದೆ. ಹಿಂದಿನ ಚಕ್ರದ ಸಪ್ಪಳ ಕಾಲ ಕೆಳಗೆ ಇಂಜಿನ್ನಿನಲ್ಲೇ ಇದ್ದಂತೆ ಅನ್ನಿಸುವುದು ತೀರಾ ಸಾಮಾನ್ಯ. ಕಿವಿಗಿಂತ ಈ ನಾಲ್ಕು ಪರೀಕ್ಷೆಗಳನ್ನು ನಂಬಿ. ನಾಲ್ಕಕ್ಕೂ ಖರ್ಚಿಲ್ಲ.

ಮೊದಲನೆಯದು, ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಕ್ಸಲೇಟರ್ ಸ್ವಲ್ಪ ಕೊಡಿ. ಆ ಸಪ್ಪಳ ಬಂತು ಅಂದರೆ ಚೈನು, ಚಕ್ರ ಎರಡನ್ನೂ ಬಿಟ್ಟುಬಿಡಿ, ಅವು ತಿರುಗುತ್ತಲೇ ಇಲ್ಲ. ದೋಷ ಇಂಜಿನ್, ಕ್ಲಚ್ಚು, ಇಲ್ಲವೇ ಕ್ಲಚ್ಚಿನ ಹಿಂದಿನ ಶಾಫ್ಟಿನಲ್ಲಿದೆ. ಬರಲಿಲ್ಲ ಅಂದರೆ ಮುಂದಿನ ಪರೀಕ್ಷೆಗೆ ಹೋಗಿ.

ಎರಡನೆಯದು, ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಇಟ್ಟು, ಸಪ್ಪಳ ಇಲ್ಲದ ಜಾಗದಲ್ಲಿ ಗಾಡಿಯನ್ನು ನೂಕಿಕೊಂಡು ಹೋಗಿ. ಬೆಳಗಿನ ಜಾವ ಒಳ್ಳೆಯ ಹೊತ್ತು. ಈಗ ಕೇಳುವ ಕರಕರ, ಕಿರ್ರ್ ಹೆಚ್ಚಾಗಿ ಚೈನು, ಬ್ರೇಕು ಇಲ್ಲವೇ ಚಕ್ರದ್ದು.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು. ಖಾಲಿ, ನೇರ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಎರಡನೇ ಗೇರಿನಲ್ಲಿ ಹೋಗಿ. ಆಮೇಲೆ ಅದೇ 30ರಲ್ಲಿ ಮೂರನೇ ಗೇರಿಗೆ ಹಾಕಿ. ಚಕ್ರದ ವೇಗ ಎರಡರಲ್ಲೂ ಒಂದೇ, ಇಂಜಿನ್ನಿನ ಸುತ್ತು ಮಾತ್ರ ಬೇರೆ. ಸಪ್ಪಳದ ಓಟ ಬದಲಾಗದೆ ಹಾಗೇ ಇದ್ದರೆ ಅದು ಚೈನು, ಸ್ಪ್ರಾಕೆಟ್ಟು, ಚಕ್ರದ ಕಡೆಯದು. ಗೇರಿನ ಜೊತೆ ಬದಲಾದರೆ ಒಳಗಿನದು.

ನಾಲ್ಕನೆಯದು, ಅದೇ ಖಾಲಿ ರಸ್ತೆಯಲ್ಲಿ ಕ್ಲಚ್ಚು ಹಿಡಿದು, ನ್ಯೂಟ್ರಲ್ ಮಾಡಿ, ಗಾಡಿಯನ್ನು ತಾನಾಗಿ ಓಡಲು ಬಿಡಿ. ಸಪ್ಪಳ ಮುಂದುವರಿದು ವೇಗ ಇಳಿದಂತೆ ಇಳಿದರೆ ಮತ್ತೆ ಚೈನು, ಚಕ್ರ. ಇದರಲ್ಲಿ ಒಂದು ಎಚ್ಚರ: ಚೈನು ಎಳೆಯುವುದರಿಂದ ಗೇರ್‌ಬಾಕ್ಸಿನ ಹೊರಗಿನ ಶಾಫ್ಟು ಆಗಲೂ ತಿರುಗುತ್ತಿರುತ್ತದೆ. ಆ ಶಾಫ್ಟಿನ ಬೇರಿಂಗು ಕೆಟ್ಟಿದ್ದರೆ ಅದೂ ಕೇಳಿಸುತ್ತದೆ. ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಬೇಡಿ.

ಹೆಲ್ಮೆಟ್ ಹಾಕಿದರೆ ಸಪ್ಪಳ ಕೇಳುವುದಿಲ್ಲ ಅಂತ ತೆಗೆಯಬೇಡಿ. ವೇಗ ಕಡಿಮೆ ಇಟ್ಟರೆ ಸಾಕಷ್ಟು ಕೇಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರಾಲಿಯ ಟ್ರ್ಯಾಕ್ಟರುಗಳು ಓಡುವ ದಾರಿಯಲ್ಲಂತೂ ಇಂಥ ಪರೀಕ್ಷೆ ಬೇಡವೇ ಬೇಡ.

ಗುಂಡಿಯಲ್ಲಿ ಇಳಿದಾಗ ಮಾತ್ರ ಗಲಗಲ

ಇದು ಟ್ರಾನ್ಸ್‌ಮಿಷನ್ ಸಪ್ಪಳ ಅಲ್ಲವೇ ಅಲ್ಲ, ಆದರೂ ಎಷ್ಟೋ ಜನ ಹಾಗೆ ತಿಳಿದು ಬರುತ್ತಾರೆ. ಸೀರೆ ಗಾರ್ಡು, ಲೆಗ್ ಗಾರ್ಡು, ನಂಬರ್ ಪ್ಲೇಟು, ಸೈಲೆನ್ಸರಿನ ಮೇಲಿನ ತಗಡು, ಹಾಲಿನ ಕ್ಯಾನಿಗೆ ಮಾಡಿಸಿದ ಸ್ಟ್ಯಾಂಡು, ಚೈನ್ ಕವರು. ಒಂದೊಂದನ್ನೂ ಕೈಯಿಂದ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದದ್ದನ್ನು ಬಿಗಿ ಮಾಡಿ. ಚೈನ್ ಕವರಿನ ಬೋಲ್ಟು ಒಂದು ಬಿದ್ದುಹೋದರೆ ಕವರು ಒಳಕ್ಕೆ ವಾಲಿ ಚೈನಿಗೆ ತಾಗುತ್ತದೆ. ಆಗ ಬರುವ ಸಪ್ಪಳ ಒಳಗೆ ಗೇರು ಅರೆದಂತೆಯೇ ಇರುತ್ತದೆ. ಕವರಿನ ಒಳಮೈಯಲ್ಲಿ ಹೊಳೆಯುವ ಗೀರು ಕಂಡರೆ ಕಾರಣ ಸಿಕ್ಕಿತು.

ಓಡುವಾಗ ಕರಕರ, ಟಪಟಪ

ಹೆಚ್ಚಿನ ಗಾಡಿಗಳ ಕಥೆ ಇಲ್ಲೇ ಮುಗಿಯುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಪಟಪ ಎಂದು ಹೊಡೆಯುವ ಸಪ್ಪಳ, ಅದರಲ್ಲೂ ನಿಧಾನವಾಗಿ ಹೋಗುವಾಗ ಜಾಸ್ತಿ ಕೇಳಿದರೆ, ಚೈನು ಸಡಿಲಾಗಿ ಕವರಿಗೋ ಸ್ವಿಂಗ್ ಆರ್ಮಿಗೋ (ಹಿಂದಿನ ಚಕ್ರ ಹಿಡಿದಿರುವ ಕಬ್ಬಿಣದ ತೋಳು) ಬಡಿಯುತ್ತಿದೆ. ಒಣಗಿದ ಕರಕರ ಸಪ್ಪಳ ಬಂದರೆ ಚೈನಿಗೆ ಎಣ್ಣೆ ಇಲ್ಲ, ಧೂಳು ಸೇರಿದೆ. ಒಂದೇ ಲಯದಲ್ಲಿ, ಒಂದಷ್ಟು ಅಂತರಕ್ಕೊಮ್ಮೆ ಕಟಕ್ ಅಂದರೆ ಚೈನಿನ ಯಾವುದೋ ಕೊಂಡಿ ತುಕ್ಕು ಹಿಡಿದು ಬಾಗುತ್ತಿಲ್ಲ, ಇಲ್ಲವೇ ಸ್ಪ್ರಾಕೆಟ್ಟಿನ ಹಲ್ಲು ಮುರಿದಿದೆ.

ಮೊದಲು ಸಡಿಲ ನೋಡಿ. ಪೂರ್ತಿ ಮುಚ್ಚಿದ ಕವರಿನ ಗಾಡಿಗಳಲ್ಲಿ ಕವರಿಗೆ ಒಂದು ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆಗೆದು, ಕೆಳಗಿನ ಚೈನನ್ನು ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಟ್ಟು ಎಷ್ಟು ಆಡುತ್ತದೆ ಅನ್ನುವುದು ಲೆಕ್ಕ. ಸ್ಪ್ಲೆಂಡರ್, ಶೈನ್ ಥರದ ಗಾಡಿಗಳಲ್ಲಿ ಇದು ಸುಮಾರು 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಸ್ವಿಂಗ್ ಆರ್ಮಿನ ಮೇಲಿನ ಸ್ಟಿಕರಿನಲ್ಲೂ ಇರುತ್ತದೆ.

ಒಂದೇ ಜಾಗದಲ್ಲಿ ನೋಡಿ ಬಿಟ್ಟರೆ ಆಗದು. ಚಕ್ರವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ, ಹೀಗೆ ಚೈನು ಪೂರ್ತಿ ಬರುವವರೆಗೂ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಸಿಕ್ಕರೆ ಆ ಚೈನು ಒಂದೇ ಸಮ ಸವೆದಿಲ್ಲ. ಅದನ್ನು ಎಷ್ಟು ಎಳೆದು ಕಟ್ಟಿದರೂ ಸಪ್ಪಳ ಹೋಗುವುದಿಲ್ಲ.

ಸಪ್ಪಳ ನಿಲ್ಲಲಿ ಅಂತ ಚೈನನ್ನು ತಂತಿಯ ಹಾಗೆ ಬಿಗಿ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿಯ ಮೇಲೆ ಭಾರ ಕೂತಾಗ ಸ್ವಿಂಗ್ ಆರ್ಮು ಮೇಲೇರಿ ಚೈನು ಇನ್ನಷ್ಟು ಬಿಗಿಯಾಗುತ್ತದೆ. ಬನಶಂಕರಿ ಜಾತ್ರೆಗೆ ಮನೆಮಂದಿಯನ್ನೆಲ್ಲ ಹೇರಿಕೊಂಡು ಹೊರಟಾಗ ಬರುವ 'ಗುಂಯ್' ಸಪ್ಪಳ ಒಬ್ಬರೇ ಹೋದಾಗ ಬರದಿದ್ದರೆ ಮೊದಲು ಇದನ್ನೇ ನೋಡಿ. ಹೀಗೆ ಬಿಗಿದ ಚೈನು ಮುಂದಿನ ಸ್ಪ್ರಾಕೆಟ್ಟಿನ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತದೆ. ಆ ಶಾಫ್ಟಿನ ಬೇರಿಂಗು, ಆಯಿಲ್ ಸೀಲು ಸವೆಯುತ್ತವೆ. ಅಂದರೆ ನೂರಿನ್ನೂರು ರೂಪಾಯಿಯ ಚೈನಿನ ಕೆಲಸ ನಿಜವಾದ ಗೇರ್‌ಬಾಕ್ಸ್ ಕೆಲಸ ಆಗಿ ಕೂರುತ್ತದೆ. ತೀರಾ ಬಿಗಿ ಇರುವುದಕ್ಕಿಂತ ಒಂದೆರಡು ಮಿ.ಮೀ. ಸಡಿಲ ಇರುವುದೇ ಮೇಲು.

ಚೈನು ಹೊಂದಿಸುವಾಗ ಹಿಂದಿನ ಆಕ್ಸಲ್ ನಟ್ಟು ಸಡಿಲ ಮಾಡಿ, ಎರಡೂ ಕಡೆಯ ಅಡ್ಜಸ್ಟರನ್ನು ಸಮನಾಗಿ ತಿರುಗಿಸಿ. ಸ್ಪ್ಲೆಂಡರ್ ಥರದ ಗಾಡಿಗಳಲ್ಲಿ ಚೈನಿನ ಕಡೆ ಸ್ಲೀವ್ ನಟ್ಟು ಅಂತ ಇನ್ನೊಂದು ದೊಡ್ಡ ನಟ್ಟು ಇರುತ್ತದೆ, ಅದನ್ನೂ ಸಡಿಲಿಸಬೇಕು. ಎರಡೂ ಬದಿಯ ಗುರುತು ಒಂದೇ ಗೆರೆಗೆ ಬರಲಿ. ಬರದಿದ್ದರೆ ಚಕ್ರ ಸೊಟ್ಟಗೆ ಕೂತು ಚೈನು ಹಲ್ಲಿನ ಪಕ್ಕಕ್ಕೆ ಉಜ್ಜುತ್ತದೆ, ಅದೇ ಹೊಸ ಸಪ್ಪಳ. ನಟ್ಟು ಪೂರ್ತಿ ಬಿಗಿ ಮಾಡಿದ ಮೇಲೆ ಸಡಿಲವನ್ನು ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಅದು ಸ್ವಲ್ಪ ಬದಲಾಗುತ್ತದೆ. ಕೊನೆಗೆ ಬ್ರೇಕು. ಚಕ್ರ ಹಿಂದಕ್ಕೆ ಸರಿದಾಗ ಡ್ರಮ್ ಬ್ರೇಕಿನ ರಾಡು ಎಳೆದುಕೊಂಡು ಬ್ರೇಕು ಹಿಡಿಯತೊಡಗುತ್ತದೆ. ಚೈನು ಬಿಗಿ ಮಾಡಿದ ಮರುದಿನ ಹಿಂದಿನಿಂದ ಕಿರ್ರ್ ಅಂದರೆ, ಹಬ್ಬು ಕೈಗೆ ಬಿಸಿ ಹತ್ತಿದರೆ, ಕಾರಣ ಇದೇ.

ಇನ್ನು ಸವಕಳಿ. ನಮ್ಮ ಬಹುತೇಕ ಕಮ್ಯೂಟರ್ (ದಿನಬಳಕೆಯ) ಬೈಕುಗಳಲ್ಲಿ ಇರುವುದು 428 ಅಳತೆಯ ಚೈನು. ಅದರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. ಚೈನನ್ನು ಎಳೆದು ಹಿಡಿದು, ಒಂದನೇ ಪಿನ್ನಿನ ಮಧ್ಯದಿಂದ ಇಪ್ಪತ್ತೊಂದನೇ ಪಿನ್ನಿನ ಮಧ್ಯಕ್ಕೆ ಅಳೆಯಿರಿ. ಹೊಸದರಲ್ಲಿ 254 ಮಿ.ಮೀ. ಇರುತ್ತದೆ. 259 ಮುಟ್ಟಿದರೆ ಆ ಚೈನಿನ ಕೆಲಸ ಮುಗಿಯಿತು. ಅಳತೆ ಪಟ್ಟಿ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದೂ ಅದೇ ಸೂಚನೆ. ಹಲ್ಲುಗಳನ್ನೂ ನೋಡಿ. ಎರಡೂ ಬದಿ ಸಮ ಇದ್ದರೆ ಸರಿ. ಒಂದು ಕಡೆಗೆ ಕೊಕ್ಕೆಯ ಹಾಗೆ ಬಾಗಿ ಚೂಪಾಗಿದ್ದರೆ ಸವೆದಿದೆ.

ಬದಲಿಸುವಾಗ ಚೈನು, ಮುಂದಿನ ಸ್ಪ್ರಾಕೆಟ್ಟು, ಹಿಂದಿನ ಸ್ಪ್ರಾಕೆಟ್ಟು ಮೂರನ್ನೂ ಒಟ್ಟಿಗೆ ಬದಲಿಸಿ. ಹಳೆಯ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಸಪ್ಪಳ ಉಳಿಯುತ್ತದೆ, ಹೊಸ ಚೈನೂ ಬೇಗ ಸಾಯುತ್ತದೆ. ಲಾಕ್ ಕ್ಲಿಪ್ಪು ಇರುವ ಚೈನಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ತಿರುಗುಮುರುಗಾದರೆ ಕ್ಲಿಪ್ಪು ಎಲ್ಲಾದರೂ ತಾಗಿ ಹಾರಿಹೋಗುತ್ತದೆ.

ಇಷ್ಟೆಲ್ಲ ನೋಡಿಯೂ ಸಪ್ಪಳ ಉಳಿದರೆ ಎಡಗಡೆ, ಗೇರ್ ಲಿವರಿನ ಹಿಂದಿನ ಸಣ್ಣ ಕವರು ಬಿಚ್ಚಿ. ಮುಂದಿನ ಸ್ಪ್ರಾಕೆಟ್ಟು ಇರುವುದು ಅಲ್ಲಿ. ಹೊಲದ ದಾರಿಯಲ್ಲಿ ಓಡಿದ ಗಾಡಿಯಾದರೆ ಅಲ್ಲಿ ಕಾಣುವುದು ಸ್ಪ್ರಾಕೆಟ್ಟಲ್ಲ. ಎರೆ ಮಣ್ಣು, ಚೈನಿನ ಎಣ್ಣೆ, ಕಬ್ಬಿನ ರವದಿಯ ಚೂರು ಸೇರಿ ಕರ್ರಗಿನ ಗಟ್ಟಿ ಹೆಂಟೆ ಕಟ್ಟಿರುತ್ತದೆ. ಅದರ ನಡುವೆ ಚೈನು ತಾನೇ ಕೊರೆದುಕೊಂಡ ಒಂದು ಗಾಡಿ ದಾರಿ, ನುಣ್ಣಗೆ ಹೊಳೆಯುತ್ತಿರುತ್ತದೆ. ಪ್ರತಿ ಕೊಂಡಿಯೂ ಆ ಹೆಂಟೆಗೆ ಉಜ್ಜಿಕೊಂಡೇ ಹೋಗಬೇಕು. ಇಂಜಿನ್ನಿನ ಪಕ್ಕದಲ್ಲೇ ಇರುವುದರಿಂದ ಸಪ್ಪಳ ಗೇರ್‌ಬಾಕ್ಸಿನ ಒಳಗಿಂದಲೇ ಬಂದ ಹಾಗೆ ಕೇಳುತ್ತದೆ. ಸ್ಕ್ರೂಡ್ರೈವರಿನಿಂದ ನಿಧಾನಕ್ಕೆ ಕೆತ್ತಿ ತೆಗೆಯಿರಿ, ಹಿಂದಿನ ಆಯಿಲ್ ಸೀಲಿಗೆ ಮೊನೆ ತಾಗದಿರಲಿ. ತೆಗೆದ ಮೇಲೆ ಸ್ಪ್ರಾಕೆಟ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟೇ ಆಡಿದರೆ ಬೇರಿಂಗು ಹೋಗಿದೆ. ಸ್ಪ್ರಾಕೆಟ್ಟು ಮಾತ್ರ ಶಾಫ್ಟಿನ ಮೇಲೆ ಸ್ವಲ್ಪ ಆಡಿದರೆ ಎಷ್ಟೋ ಗಾಡಿಗಳಲ್ಲಿ ಅದು ಇರುವುದೇ ಹಾಗೆ. ಸೀಲಿನ ಸುತ್ತ ಹೊಸ ಆಯಿಲ್ ಸೋರಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ.

ಚೈನು ತೊಳೆಯಲು ಸೀಮೆಎಣ್ಣೆ ಒಳ್ಳೆಯದು. ಅದು ಸಿಗದಿದ್ದರೆ ಸಾದಾ ಚೈನಿಗೆ ಡೀಸೆಲ್ ನಡೆಯುತ್ತದೆ. ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಲು ಬಿಡಿ. ಆಮೇಲೆ ಎಸ್‌ಎಇ 90 ಗೇರ್ ಆಯಿಲನ್ನು ಕೆಳಗಿನ ಚೈನಿನ ಒಳಮೈಗೆ, ಚಕ್ರ ಕೈಯಿಂದ ತಿರುಗಿಸುತ್ತಾ, ಹನಿಹನಿಯಾಗಿ ಬಿಡಿ. ಮೇಲೆ ಉಳಿದದ್ದನ್ನು ಒರೆಸಿಬಿಡಿ. ಓ-ರಿಂಗ್ ಇರುವ ಚೈನಿಗೆ ಪೆಟ್ರೋಲು, ತಂತಿ ಬ್ರಷ್ಷು ಬೇಡ, ರಬ್ಬರ್ ರಿಂಗು ಹಾಳಾಗುತ್ತದೆ. ಗ್ರೀಸು ಮೆತ್ತುವ ರೂಢಿ ನಮ್ಮಲ್ಲಿದೆ. ಗ್ರೀಸು ಕೊಂಡಿಯ ಒಳಗೆ ಇಳಿಯುವುದಿಲ್ಲ, ಹೊರಗೆ ಕೂತು ಧೂಳು ಹಿಡಿಯುತ್ತದೆ. ಆ ಧೂಳು ಗ್ರೀಸಿನ ಜೊತೆ ಸೇರಿ ಹಲ್ಲನ್ನು ಅರೆಯುತ್ತದೆ. ಇಂಜಿನ್ನಿನಿಂದ ತೆಗೆದ ಸುಟ್ಟ ಆಯಿಲೂ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಡಾಂಬರು ರಸ್ತೆಯಲ್ಲಿ ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ ಸಾಕು. ಕೆಸರಿನಲ್ಲಿ ಓಡಿಸಿದರೆ ಅಷ್ಟು ಕಾಯಬೇಡಿ.

ಎಕ್ಸಲೇಟರ್ ಕೊಟ್ಟಾಗ, ಬಿಟ್ಟಾಗ 'ಟಕ್'

ಚೈನು ಸರಿ ಇದ್ದೂ ಹೀಗಾದರೆ ಹಬ್ ರಬ್ಬರು ನೋಡಿ. ಹಿಂದಿನ ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ನಡುವೆ ಇರುವ ಈ ರಬ್ಬರುಗಳು ಎಳೆತದ ಪೆಟ್ಟನ್ನು ನುಂಗುತ್ತವೆ. ಭಾರ ಹೊರುವ ಗಾಡಿಯಲ್ಲಿ ಬೇಗ ಸವೆಯುತ್ತವೆ, ಬಿಸಿಲಿಗೆ ಗಟ್ಟಿಯಾಗುತ್ತವೆ.

ಇಂಜಿನ್ ಬಂದ್, ಡಬಲ್ ಸ್ಟ್ಯಾಂಡು, ಗೇರಿನಲ್ಲಿ ಇಡಿ. ಚಕ್ರವನ್ನು ಹಿಂದೆ ಮುಂದೆ ಆಡಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ, ಗೇರುಗಳ ನಡುವಿನ ಸಂದಿನದು ಅದು. ನೋಡಬೇಕಾದದ್ದು ಸ್ಪ್ರಾಕೆಟ್ಟು ನಿಂತಿರುವಾಗ ಚಕ್ರ ಮಾತ್ರ ಎಷ್ಟು ಆಡುತ್ತದೆ ಅನ್ನುವುದು. ತಡೆಯಿಲ್ಲದೆ ಟಕ್ ಟಕ್ ಎಂದು ಬಡಿದರೆ ರಬ್ಬರು ಹೋಗಿದೆ. ಇದು ಅಗ್ಗದ ಸಾಮಾನು, ಪೂರ್ತಿ ಸೆಟ್ಟು ಬದಲಿಸಿ. ಹಳೆ ಟ್ಯೂಬಿನ ತುಂಡು ತುರುಕುವುದು ಊರು ಮುಟ್ಟುವ ಮಟ್ಟಿಗೆ ಸರಿ. ಅದನ್ನೇ ಖಾಯಂ ಮಾಡಿದರೆ ಎಳೆತ ಒಂದೇ ಸಮ ಬೀಳದೆ ಹಬ್ಬಿನ ಕಿವಿಗಳೇ ಮುರಿಯಬಹುದು. ಚಕ್ರ ಬಿಚ್ಚಿದಾಗ ಸ್ಪ್ರಾಕೆಟ್ಟಿನ ಬೋಲ್ಟುಗಳ ಬಿಗಿಯನ್ನೂ ನೋಡಿಬಿಡಿ.

ಸ್ಪೀಡ್ ಏರಿದಂತೆ ಏರುವ 'ಗುಂಯ್'

ಮೂರನೇ ಪರೀಕ್ಷೆಯಲ್ಲಿ ಗೇರು ಬದಲಿಸಿದರೂ ಬದಲಾಗದ ಗುಂಯ್ ಚಕ್ರದ ಬೇರಿಂಗಿನದು ಇರಬಹುದು. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರದ ಎರಡು ಬದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಟ ಇರಲೇಬಾರದು. ಕೈಯಿಂದ ತಿರುಗಿಸಿದಾಗ ಒರಟಾಗಿ, ಮರಳು ಸೇರಿದಂತೆ ತಿರುಗಿದರೂ ಅದೇ ದೋಷ. ಹಳ್ಳದ ನೀರಿನಲ್ಲಿ ಗಾಡಿ ದಾಟಿಸುವವರಿಗೆ, ವಾಷಿಂಗ್ ಸೆಂಟರಿನಲ್ಲಿ ಪ್ರೆಷರ್ ನೀರನ್ನು ಆಕ್ಸಲ್ಲಿಗೇ ಹೊಡೆಸುವವರಿಗೆ ಇದು ಬೇಗ ಬರುತ್ತದೆ.

ಪಕ್ಕಕ್ಕೆ ಆಡುವ ಚಕ್ರದ ಮೇಲೆ ಓಡಿಸಬೇಡಿ. ಬೇರಿಂಗು ಒಡೆದರೆ ಚಕ್ರ ಹಿಡಿದುಕೊಂಡು ಗಾಡಿ ಬೀಳುತ್ತದೆ. ಹೊಸ ಟೈರು ಹಾಕಿಸಿದ ಕೂಡಲೇ ಶುರುವಾದ ಗುಂಯ್, ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ಮಾತ್ರ ಕೇಳುವ ಗುಂಯ್ ಟೈರಿನದು. ಅದಕ್ಕೆ ಚಿಂತೆ ಬೇಡ.

ಸ್ಕೂಟರಿನಲ್ಲಿ ಚೈನು ಇಲ್ಲ, ಎಡಗಡೆಯ ಪೆಟ್ಟಿಗೆಯಲ್ಲಿ ಬೆಲ್ಟು, ರೋಲರುಗಳು ಇರುತ್ತವೆ. ಹೊರಡುವಾಗ ಗಡಗಡ ಅಂದರೆ ರೋಲರು ಇಲ್ಲವೇ ಕ್ಲಚ್ಚು. ವೇಗದ ಜೊತೆ ಏರುವ ಗುಂಯ್ ಆದರೆ ಹಿಂದಿನ ಗೇರ್ ಆಯಿಲು ನೋಡಿಸಿ. ಅದು ಇಂಜಿನ್ ಆಯಿಲ್‌ಗಿಂತ ಬೇರೆ, ಸುಮಾರು 100 ಮಿ.ಲೀ. ಅಷ್ಟೇ ಹಿಡಿಯುತ್ತದೆ, ಬದಲಿಸಲು ಎಷ್ಟೋ ಜನ ಮರೆಯುತ್ತಾರೆ. ಬೆಲ್ಟಿಗೆ ಯಾವ ಎಣ್ಣೆಯನ್ನೂ ತಾಗಿಸಬೇಡಿ.

ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಗರಗರ

ಈಗ ಇಂಜಿನ್ ಪೆಟ್ಟಿಗೆಯ ಒಳಕ್ಕೆ ಬಂದೆವು. ಆದರೂ ಮೊದಲ ಕೆಲಸ ಆಯಿಲ್ ನೋಡುವುದು, ಬಿಚ್ಚುವುದಲ್ಲ. ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಕೆಲವು ನಿಮಿಷ ಓಡಿಸಿ, ಬಂದ್ ಮಾಡಿ ಎರಡು ಮೂರು ನಿಮಿಷ ಬಿಡಿ. ಆಯಿಲ್ ಅಳೆಯುವ ಕಡ್ಡಿ ತೆಗೆದು, ಒರೆಸಿ ಮತ್ತೆ ಇಟ್ಟು ನೋಡಿ. ಹೀರೋ, ಹೋಂಡಾ ಗಾಡಿಗಳಲ್ಲಿ ಕಡ್ಡಿಯನ್ನು ತಿರುಪದೆ ಸುಮ್ನೆ ಇಟ್ಟು ನೋಡಬೇಕು. ಆಯಿಲ್ ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಓಡಿಸಬೇಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಕೂಡಲೇ ಬದಲಿಸಿ.

ಯಾವ ಆಯಿಲ್ ಅನ್ನುವುದೂ ಮುಖ್ಯ. ಬೈಕಿನಲ್ಲಿ ಕ್ಲಚ್ಚು ಆಯಿಲ್‌ನಲ್ಲೇ ಮುಳುಗಿರುತ್ತದೆ. ಅದಕ್ಕೇ ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಅಥವಾ ಎಂಎ2 ಅಂತ, ಇಂಥ ಕ್ಲಚ್ಚಿಗೆ ಒಗ್ಗುವ ಆಯಿಲ್‌ನ ಗುರುತು ಇರಬೇಕು. ಮನೆಯಲ್ಲಿ ಉಳಿದ ಕಾರಿನ ಆಯಿಲ್ ಸುರಿದರೆ ಕ್ಲಚ್ಚು ಜಾರಬಹುದು. ದಪ್ಪ ಆಯಿಲ್ ಹಾಕಿ ಸಪ್ಪಳ ಮುಚ್ಚುವ ಸಲಹೆ ಕೇಳಬೇಡಿ. ಸಪ್ಪಳ ಸ್ವಲ್ಪ ದಿನ ಅಡಗುತ್ತದೆ, ದೋಷ ಒಳಗೆ ಬೆಳೆಯುತ್ತದೆ.

ಆಯಿಲ್ ಸರಿ ಇದ್ದರೆ ಕ್ಲಚ್ ಲಿವರ್ ಹಿಡಿದು ಬಿಟ್ಟು ಕೇಳಿ. ಹಿಡಿದಾಗ ಸಪ್ಪಳ ನಿಂತು ಬಿಟ್ಟಾಗ ಬಂದರೆ ಕ್ಲಚ್ಚಿನ ಹೊರಡ್ರಮ್ಮು, ಇಲ್ಲವೇ ಕ್ಲಚ್ಚಿನಿಂದ ಗೇರಿಗೆ ಹೋಗುವ ಶಾಫ್ಟಿನ ಬೇರಿಂಗು. ಹಿಡಿದಾಗ ಮಾತ್ರ ಕಿರ್ ಅಂದರೆ ಕ್ಲಚ್ ಬಿಡಿಸುವ ಸಣ್ಣ ಬೇರಿಂಗು. ಬಹುತೇಕ ಗಾಡಿಗಳಲ್ಲಿ ಕ್ಲಚ್ಚಿನ ಕೆಲಸ ಬಲಗಡೆಯ ಕವರು ತೆಗೆದರೆ ಆಗುತ್ತದೆ, ಇಂಜಿನ್ ಹೋಳು ಮಾಡಬೇಕಿಲ್ಲ. ಇದನ್ನು ನೆನಪಿಡಿ, ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಆಗುತ್ತದೆ.

ಐಡಲ್ (ಎಕ್ಸಲೇಟರ್ ಕೊಡದಿದ್ದಾಗಿನ ಇಂಜಿನ್ ವೇಗ) ತೀರಾ ಕಡಿಮೆ ಇಟ್ಟರೂ ಗರಗರ ಬರುತ್ತದೆ. ಪೆಟ್ರೋಲ್ ಉಳಿಸಲು ಕೆಲವರು ಹಾಗೆ ಇಡುತ್ತಾರೆ. ಕಮ್ಯೂಟರ್ ಬೈಕಿಗೆ ನಿಮಿಷಕ್ಕೆ 1,300ರಿಂದ 1,500 ಸುತ್ತಿನ ಆಸುಪಾಸು ಇರಲಿ. ಇಂಜಿನ್ನಿನ ತಲೆಯ ಭಾಗದಿಂದ ಟಿಕ್ ಟಿಕ್ ಎಂದು ಬಂದರೆ ಅದು ಟ್ಯಾಪೆಟ್ಟು, ಅಂದರೆ ವಾಲ್ವನ್ನು ಒತ್ತುವ ಭಾಗ. ಅದನ್ನು ಹೊಂದಿಸುವುದು ಸಣ್ಣ ಕೆಲಸ, ಗೇರಿಗೂ ಅದಕ್ಕೂ ಸಂಬಂಧ ಇಲ್ಲ.

ಗೇರ್ ಹಾಕುವಾಗ ಖಟಕ್, ಹಾಕಿದ ಗೇರು ಜಿಗಿಯುವುದು

ಬೆಳಿಗ್ಗೆ ತಣ್ಣಗಿನ ಇಂಜಿನ್‌ನಲ್ಲಿ ಮೊದಲ ಗೇರು ಖಟಕ್ ಎಂದು ಬೀಳುವುದು ಸಹಜ. ಪ್ರತಿ ಗೇರಿಗೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸುಮ್ಮನೆ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ಜಾಸ್ತಿ ಆಡಿದರೆ ಕೇಬಲ್ ಹೊಂದಿಸಿ. ಒಳತಂತಿ ಎಳೆ ಬಿಚ್ಚಿದ್ದರೆ ಬದಲಿಸಿ.

ಓಡುವಾಗ ಗೇರು ತಾನಾಗಿ ಜಿಗಿದು ನ್ಯೂಟ್ರಲ್ ಆದರೆ ಮಾತು ಬೇರೆ. ಗೇರ್ ಲಿವರಿನ ಬೋಲ್ಟು ಬಿಗಿ ಇದೆಯಾ ಅಂತ ಮೊದಲು ನೋಡಿ. ಅದು ಸರಿ ಇದ್ದರೆ ಒಳಗೆ ಗೇರುಗಳ ಕಚ್ಚು ಸವೆದಿದೆ ಅಥವಾ ಗೇರು ಸರಿಸುವ ಫೋರ್ಕು ಬಾಗಿದೆ. ಇದಕ್ಕೆ ಹೊರಗಿನ ಮದ್ದಿಲ್ಲ. ಹಿಂದಿನಿಂದ ಲಾರಿ ಬರುತ್ತಿರುವಾಗ ಎಳೆತ ತಪ್ಪಿದರೆ ಏನಾಗುತ್ತದೆ ಅಂತ ಯೋಚಿಸಿ. ಓಡಿಸುವುದನ್ನು ಬಿಟ್ಟು ಗ್ಯಾರೇಜಿಗೆ ಸಾಗಿಸಿ.

ಒಂದೇ ಗೇರಿನಲ್ಲಿ ಕೂಗು, ಇಲ್ಲವೇ ಎಲ್ಲದರಲ್ಲೂ ಅರೆತ

ಮೂರನೇ ಗೇರಿನಲ್ಲಿ ಮಾತ್ರ ಕೂಗಿ, ಬೇರೆ ಗೇರಿಗೆ ಹಾಕಿದ ಕೂಡಲೇ ನಿಂತರೆ ಆ ಗೇರಿನ ಜೋಡಿಯ ಹಲ್ಲು ಕೆಟ್ಟಿದೆ. ಎಲ್ಲ ಗೇರಿನಲ್ಲೂ, ಎಳೆತ ಜಾಸ್ತಿ ಆದಂತೆ ಜಾಸ್ತಿ ಅರೆದರೆ ಶಾಫ್ಟಿನ ಬೇರಿಂಗು.

ಬಿಚ್ಚಿಸಲು ಒಪ್ಪುವ ಮೊದಲು ಒಂದು ಸಾಕ್ಷಿ ನೋಡಿ. ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಆಯಿಲನ್ನು ಶುಭ್ರ ತಟ್ಟೆಗೆ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಅಯಸ್ಕಾಂತ ಆಡಿಸಿ. ಬೂದುಬಣ್ಣದ ನುಣ್ಣನೆ ಕೆಸರು ಸ್ವಲ್ಪ ಇದ್ದರೆ ಸಹಜ ಸವಕಳಿ. ಬಿಸಿಲಿಗೆ ಮಿರಮಿರ ಹೊಳೆಯುವ ಪುಡಿ ಜಾಸ್ತಿ ಇದ್ದರೆ ಬೇರಿಂಗೋ ಗೇರೋ ಸವೆಯುತ್ತಿದೆ. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ತುಂಡು ಸಿಕ್ಕರೆ ಮತ್ತೆ ಇಂಜಿನ್ ಚಾಲೂ ಮಾಡಬೇಡಿ, ಆ ತುಂಡು ಇನ್ನೊಂದು ಗೇರಿನ ನಡುವೆ ಸಿಕ್ಕರೆ ಪೆಟ್ಟಿಗೆಯೇ ಒಡೆಯುತ್ತದೆ. ಅಯಸ್ಕಾಂತಕ್ಕೆ ಅಂಟದ ಬಿಳಿ ಚೂರು ಅಲ್ಯುಮಿನಿಯಂ, ಕಪ್ಪು ನಾರಿನಂಥದ್ದು ಕ್ಲಚ್ ಪ್ಲೇಟು. ಇಳಿಸಿದ ಆಯಿಲನ್ನು ಗಟಾರಕ್ಕೆ, ಬಾವಿಯ ಬದಿಗೆ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಅಲ್ಲೇ ನಿಲ್ಲಿಸಬೇಕಾದ ಹೊತ್ತು

ಚಕ್ರ ತಡೆತಡೆದು ತಿರುಗುವುದು, ಚೈನು ಹಲ್ಲಿನ ಮೇಲೆ ಹಾರುವುದು, ಗೇರು ಜಿಗಿಯುವುದು, ಇದ್ದಕ್ಕಿದ್ದಂತೆ ದೊಡ್ಡದಾಗಿ ಅರೆಯುವುದು, ಕೆಳಗೆ ಆಯಿಲ್ ಹರಿಯುವುದು. ಇವುಗಳಲ್ಲಿ ಒಂದು ಕಂಡರೂ 'ಊರು ಇಲ್ಲೇ ಐತಿ' ಅಂತ ಓಡಿಸಬೇಡಿ. ತುಂಡಾದ ಚೈನು ಮುಂದಿನ ಸ್ಪ್ರಾಕೆಟ್ಟಿನ ಹತ್ತಿರ ಗುಪ್ಪೆಯಾಗಿ ಇಂಜಿನ್ ಪೆಟ್ಟಿಗೆಯನ್ನು ಒಡೆಯಬಲ್ಲದು, ಹಿಂದಿನ ಚಕ್ರವನ್ನು ಹಿಡಿಯಬಲ್ಲದು. ಹಿಂದಿನ ಚಕ್ರ ಹಿಡಿದಂತೆ ಅನ್ನಿಸಿದರೆ ಕೂಡಲೇ ಕ್ಲಚ್ ಹಿಡಿಯಿರಿ, ಹ್ಯಾಂಡಲ್ ನೇರ ಇಟ್ಟುಕೊಂಡು ರಸ್ತೆಯ ಬದಿಗೆ ಬನ್ನಿ. ರಾತ್ರಿಯಾದರೆ ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗೆ ಇಳಿಸಿ, ನೀವೂ ಗಾಡಿಯಿಂದ ದೂರ ನಿಲ್ಲಿ. ಕಬ್ಬು ತುಂಬಿದ ಟ್ರಾಲಿ ಡಾಂಬರಿನ ಅಂಚಿನವರೆಗೂ ಚಾಚಿರುತ್ತದೆ. ಹಗ್ಗ ಕಟ್ಟಿ ಇನ್ನೊಂದು ಬೈಕಿನಿಂದ ಎಳೆಸುವುದಕ್ಕಿಂತ ಟಂಟಂ ಅಥವಾ ಟ್ರಾಲಿಯಲ್ಲಿ ಹೇರಿಸಿ.

ಮೆಕ್ಯಾನಿಕ್ ಹತ್ತಿರ ಹೋದಾಗ

'ಸಪ್ಪಳ ಬರ್ತದ ನೋಡ್ರಿ' ಅಂದರೆ ಅವರಿಗೂ ದಾರಿ ಸಿಗುವುದಿಲ್ಲ. ನಿಂತಾಗ ಬರುತ್ತದಾ, ಓಡುವಾಗಲಾ, ಕ್ಲಚ್ ಹಿಡಿದಾಗ ಏನಾಗುತ್ತದೆ, ಯಾವ ಗೇರಿನಲ್ಲಿ, ಭಾರ ಇದ್ದಾಗಲಾ ಇಲ್ಲದಾಗಲಾ, ಆಯಿಲ್ ಯಾವಾಗ ಬದಲಿಸಿದ್ದು, ಇಷ್ಟನ್ನು ಹೇಳಿ. ಮೊಬೈಲಿನಲ್ಲಿ ಸಪ್ಪಳ ರೆಕಾರ್ಡ್ ಮಾಡಿಕೊಂಡು ಹೋಗಿ. ಗ್ಯಾರೇಜಿಗೆ ಹೋದಾಗ ಅದು ಬಾರದೇ ಇರುವ ಸಾಧ್ಯತೆ ಇದೆ. ರೆಕಾರ್ಡ್ ಮಾಡುವುದು ಗಾಡಿ ನಿಂತಾಗ, ಇಲ್ಲವೇ ಹಿಂದೆ ಕೂತವರು ಮಾಡಲಿ.

ಸಾಧ್ಯವಾದರೆ ಮೆಕ್ಯಾನಿಕ್ಕೇ ಒಂದು ಸುತ್ತು ಓಡಿಸಿ ನೋಡಲಿ. ನೋಡದೆ ಕೇಳದೆ ಇಂಜಿನ್ ಇಳಿಸಬೇಕು ಅಂದರೆ ಇನ್ನೊಂದು ಕಡೆ ತೋರಿಸಿ. ಬಿಚ್ಚಲೇಬೇಕಾಗಿ ಬಂದರೆ, ಪೆಟ್ಟಿಗೆ ತೆರೆದ ಮೇಲೆ ಕೆಟ್ಟ ಸಾಮಾನು ತೋರಿಸಿ, ಅದರ ಬೆಲೆ ಹೇಳಿ, ನಿಮ್ಮ ಒಪ್ಪಿಗೆ ಪಡೆದು ಮುಂದುವರಿಯಲು ಮೊದಲೇ ಹೇಳಿಡಿ. ಒಮ್ಮೆ ತೆರೆದ ಪೆಟ್ಟಿಗೆಗೆ ಹಳೆಯ ಆಯಿಲ್ ಸೀಲು, ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಿಸಬೇಡಿ. ತೆಗೆದ ಬೇರಿಂಗು, ಗೇರುಗಳನ್ನು ಕೇಳಿ ಇಸಿದುಕೊಳ್ಳಿ. ಬೇರಿಂಗನ್ನು ತೊಳೆದು ಬೆರಳಿನ ಮೇಲೆ ತಿರುಗಿಸಿದರೆ ಅದು ಒರಟಾಗಿತ್ತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.